ಒಳಕ್ಕೆ ಹೋದ ಕಾಯಿ

ಮತ್ತೊಂದು ಎಂಟು. ಗಂಗಹನುಮಯ್ಯ ಕೆಂಪು ಪೆನ್ಸಿಲ್ಲಿನಿಂದ ಅದರ ಪಕ್ಕ ಸರಿ ಗುರುತು ಎಳೆದ, ಗುರುತಿನ ಬಾಲ ಬೇಕಾದ್ದಕ್ಕಿಂತ ಉದ್ದವಾಯಿತು. ಗುಬ್ಬಿ ಹೈಸ್ಕೂಲಿನ ಗಣಿತದ ಮೇಷ್ಟ್ರು, ಕಿವಿಯ ಹತ್ತಿರ ಕೂದಲು ನೆರೆಯುತ್ತಿರುವ ಗಂಡಸು, ತಾನು ಕೊಟ್ಟ ಲೆಕ್ಕಕ್ಕೆ ತಾನು ಬರೆದಿಟ್ಟ ಉತ್ತರವೇ ಬಂತೆಂದು ಹೀಗೆ ಹಿಗ್ಗಬಾರದು ಎಂದು ತನ್ನನ್ನೇ ಗದರಿಸಿಕೊಂಡ. ಮುಂದಿನ ಗುರುತಿಗೂ ಅಷ್ಟೇ ಉದ್ದದ ಬಾಲ ಬಂತು. ಹೋಗಲಿ ಬಿಡು, ವರ್ಷಕ್ಕೊಂದು ದಿನ, ಎಂದುಕೊಂಡ. ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಒಂದು ಹೈಸ್ಕೂಲಿನ ಡ್ರಾಯಿಂಗ್ ಕೋಣೆಯಲ್ಲಿ ಭಾನುವಾರದ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು, ಬೆವರಿದ ಮುಂಗೈಗೆ ಕಾಗದ ಅಂಟುತ್ತಿತ್ತು. ಕಿಟಕಿಯಾಚೆ ಹೊಂಗೆ ಮರದ ಕೆಳಗೆ, ಬೆಳಿಗ್ಗೆ ಪರೀಕ್ಷೆ ಬರೆದ ಮಕ್ಕಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಜಿಲ್ಲೆಯ ಹೈಸ್ಕೂಲು ಮಕ್ಕಳ ಗಣಿತ ಸ್ಪರ್ಧೆ. ಆರು ಲೆಕ್ಕ, ಒಂದೊಂದಕ್ಕೆ ಹತ್ತು ಅಂಕ. ಲೆಕ್ಕ ಕೊಟ್ಟವರೇ ಅದನ್ನು ಎಲ್ಲ ಪತ್ರಿಕೆಗಳಲ್ಲೂ ತಿದ್ದಬೇಕು. ಸಂಜೆ ಐದಕ್ಕೆ ಫಲಿತಾಂಶ, ಮೊದಲು ಬಂದ ಒಬ್ಬರು ಮಾತ್ರ ಬೆಂಗಳೂರಿನ ಮುಂದಿನ ಸುತ್ತಿಗೆ. ಆರನೆಯ ಲೆಕ್ಕ, ಎಲ್ಲಕ್ಕಿಂತ ಕಷ್ಟದ್ದು, ಗಂಗಹನುಮಯ್ಯನದು.

ಅದು ಚೌಕಾಬಾರದ ಲೆಕ್ಕ. ಹಳ್ಳಿಯ ಜಗಲಿಗಳಲ್ಲಿ ಗೀಚಿರುತ್ತಾರಲ್ಲ, ಐದು ಸಾಲು, ಸಾಲಿಗೆ ಐದು ಮನೆ, ಅದೇ. ಹೊರಗೊಂದು ಸುತ್ತು, ಒಳಗೊಂದು ಸುತ್ತು, ಮಧ್ಯದಲ್ಲಿ ನಡುಮನೆ. ಆಟದಲ್ಲಿ ಕಾಯಿ ಹೊರಸುತ್ತು ತಿರುಗಿ ಒಳಸುತ್ತಿಗೆ ಹೋಗಿ ನಡುಮನೆ ಸೇರಿದರೆ ಹಣ್ಣಾಯಿತು. ಗಂಗಹನುಮಯ್ಯ ಕೇಳಿದ್ದು ಇಷ್ಟು: ಒಂದು ಕಾಯಿ ಯಾವುದೋ ಒಂದು ಮನೆಯಿಂದ ಹೊರಟು, ಮೇಲಕ್ಕೆ ಕೆಳಕ್ಕೆ ಎಡಕ್ಕೆ ಬಲಕ್ಕೆ ಒಂದೊಂದೇ ಮನೆ ನಡೆಯುತ್ತ, ಓರೆಯಾಗಿ ಹಾರದೆ, ಇಪ್ಪತ್ತೈದು ಮನೆಯನ್ನೂ ಒಂದೊಂದೇ ಸಲ ಮುಟ್ಟಿ, ಕೊನೆಗೆ ನಡುಮನೆಯಲ್ಲಿ ನಿಲ್ಲಬೇಕು. ಯಾವ ಯಾವ ಮನೆಯಿಂದ ಹೊರಟರೆ ಇದು ಆಗುತ್ತದೆ? ಕಾರಣ ಕೊಡಿ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದಾಗ ಇದರ ಉಪಾಯ ಹೊಳೆದು, ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಈಚೆ ಬಂದಿದ್ದ, ಹೆಂಡತಿ ಬೆಚ್ಚಿ “ಏನ್ರೀ, ಚೇಳು ಗೀಳು ಕಚ್ತಾ?” ಎಂದು ಕೇಳಿದ್ದಳು. ಬಣ್ಣ ಬಳಿಯುವುದೇ ಉಪಾಯ. ಒಂದು ಮನೆ ಕಪ್ಪು, ಪಕ್ಕದ್ದು ಬಿಳಿ, ಹೀಗೆ. ಹದಿಮೂರು ಕಪ್ಪು, ಹನ್ನೆರಡು ಬಿಳಿ. ಪ್ರತಿ ನಡೆಗೂ ಬಣ್ಣ ಬದಲಾಗುವುದರಿಂದ, ಒಂದು ಹೆಚ್ಚಿರುವ ಕಪ್ಪಿನಲ್ಲೇ ಹೊರಡಬೇಕು, ಕಪ್ಪಿನಲ್ಲೇ ನಿಲ್ಲಬೇಕು. ಹನ್ನೆರಡು ಬಿಳಿಮನೆಗಳ ಬಾಗಿಲು ಒಂದೇ ಏಟಿಗೆ ಮುಚ್ಚಿಹೋಯಿತು! ಒಂದೊಂದೇ ದಾರಿ ಹುಡುಕಿ ಸಾಯಬೇಕಾಗಿಲ್ಲ. ನಡುಮನೆ ಬಿಟ್ಟರೆ ಉಳಿಯುವ ಕಪ್ಪು ಹನ್ನೆರಡು: ಹೊರಗಿನ ನಾಲ್ಕು ಮೂಲೆ, ಅಂಚಿನ ನಡುವಿನ ನಾಲ್ಕು ಕಟ್ಟೆಮನೆ, ಒಳಸುತ್ತಿನ ನಾಲ್ಕು ಮೂಲೆ. ಒಳಸುತ್ತಿನವನ್ನು ತೆಗೆ. ಎಂಟು. ಮಾದರಿ ಉತ್ತರದಲ್ಲಿ ಅವನು ಬರೆದಿದ್ದ: ‘ಒಳಸುತ್ತಿನಿಂದ ಹೊರಟ ಕಾಯಿಗೆ ಎಲ್ಲ ಮನೆಗಳನ್ನೂ ಮುಟ್ಟಲು ಬರುವುದಿಲ್ಲ. ಇದು ಸ್ಪಷ್ಟ.’

ಆ ಉತ್ತರವನ್ನು ಸಮಿತಿ ಒಪ್ಪಿದ್ದು ಪುಟ್ಟರಂಗಯ್ಯನವರ ಮನೆಯ ಪಡಸಾಲೆಯಲ್ಲಿ. ಪುಟ್ಟರಂಗಯ್ಯನವರು ನಿವೃತ್ತ ಹೆಡ್‌ಮಾಸ್ಟರು, ಸ್ಪರ್ಧೆಯ ಅಧ್ಯಕ್ಷರು. ಈಗಲೂ ಡ್ರಾಯಿಂಗ್ ಕೋಣೆಯ ಆ ತುದಿಯಲ್ಲಿ ಕೂತು ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡುತ್ತಿದ್ದಾರೆ. ಅವತ್ತು ಕಾಫಿ ಲೋಟ ಕೆಳಗಿಟ್ಟು ಷಡಕ್ಷರಿ ಒಂದು ಮಾತು ಕೇಳಿದ್ದ. ಷಡಕ್ಷರಿ ತುಮಕೂರು ಸಿಟಿಯವನು, ಟೆರಿಲಿನ್ ಶರಟಿನವನು, ವರ್ಷವರ್ಷವೂ ಅವನ ಶಾಲೆಯ ಮಕ್ಕಳೇ ಮೊದಲು ಬರುವುದು. “ಒಳಗಿನ ನಾಲ್ಕು ಕಪ್ಪು ಮನೆ ಯಾಕಾಗಲ್ಲ?” ಎಂದಿದ್ದ. ಗಂಗಹನುಮಯ್ಯ ಬಾಯಿ ತೆರೆಯುವ ಮೊದಲೇ ಪುಟ್ಟರಂಗಯ್ಯನವರು, “ಏನ್ರೀ ಷಡಕ್ಷರಿ, ಹುಟ್ಟಿದಾರಭ್ಯ ಚೌಕಾಬಾರ ಆಡಿಲ್ವೇನ್ರೀ? ಒಳಕ್ಕೆ ಹೋದ ಕಾಯಿ ಹೊರಕ್ಕೆ ಬರತ್ತಾ?” ಎಂದು ನಕ್ಕರು. ಎಲ್ಲರೂ ನಕ್ಕರು. ಗಂಗಹನುಮಯ್ಯ ಸ್ವಲ್ಪ ಹೆಚ್ಚೇ ನಕ್ಕ, ಯಾಕೆಂದರೆ ಹೋದ ವರ್ಷ ಇದೇ ಸ್ಪರ್ಧೆಯ ದಿನ, ಟೀ ಕುಡಿಯುವಾಗ, ಗುಬ್ಬಿಯ ಮಕ್ಕಳು ಒಬ್ಬರೂ ಮೊದಲ ಇಪ್ಪತ್ತರಲ್ಲಿಲ್ಲದ್ದನ್ನು ನೋಡಿ ಷಡಕ್ಷರಿ ಎಲ್ಲರಿಗೂ ಕೇಳುವ ಹಾಗೆ, “ಗುಬ್ಬಿಯೋರಿಗೆ ನಾಟಕ ಬರತ್ತೆ ಕಣ್ರೀ, ಲೆಕ್ಕ ಎಲ್ಲಿ ಬರತ್ತೆ?” ಎಂದಿದ್ದ. ಆ ಮಾತು ವರ್ಷವಿಡೀ ಅವನ ಕಿವಿಯಲ್ಲಿತ್ತು. ಷಡಕ್ಷರಿಯ ಮುಖ ಕೆಂಪಾಗಿ, ಅವನೂ ಪೆಚ್ಚುಪೆಚ್ಚಾಗಿ ನಕ್ಕು, ಕಾಫಿ ಲೋಟ ಮತ್ತೆ ಎತ್ತಿಕೊಂಡಿದ್ದ. ಉಣ್ಣಲಿ, ಎಂದುಕೊಂಡಿದ್ದ ಗಂಗಹನುಮಯ್ಯ.

ಈ ವರ್ಷ ಹಾಗಲ್ಲ. ಈ ವರ್ಷ ಸರ್ವಮಂಗಳ ಇದ್ದಾಳೆ. ಸಿ.ಎಸ್. ಪುರದ ರುದ್ರಯ್ಯನ ಮಗಳು, ಗುಬ್ಬಿಯಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಹತ್ತನೇ ಕ್ಲಾಸು ಓದುವ ಹುಡುಗಿ. ಲೆಕ್ಕ ಬಿಡಿಸುವಾಗ ನಾಲಿಗೆಯ ತುದಿ ಹೊರಗಿಟ್ಟುಕೊಳ್ಳುತ್ತಾಳೆ, ಉತ್ತರ ಬಂದ ಮೇಲೆ ಅದರ ಕೆಳಗೆ ಎರಡು ಗೆರೆ ಎಳೆಯುತ್ತಾಳೆ, ಸ್ಕೇಲಿಟ್ಟು. ಆರು ತಿಂಗಳು, ದಿನಾ ಸಂಜೆ ಶಾಲೆ ಬಿಟ್ಟ ಮೇಲೆ, ಅವಳನ್ನು ಕೂರಿಸಿಕೊಂಡು ತಯಾರು ಮಾಡಿದ್ದ. ಬೆಳಿಗ್ಗೆ ಬಸ್ಸಿನಲ್ಲಿ ಅವಳು, “ಸಾರ್, ಕೊನೇ ಲೆಕ್ಕ ನೀವೇ ಕೊಟ್ಟಿರೋದಂತೆ?” ಎಂದು ಕೇಳಿದಳು. “ಯಾರಮ್ಮ ಹೇಳಿದ್ದು?” “ಎಲ್ರೂ ಹೇಳ್ತಾರೆ ಸಾರ್.” “ಸುಮ್ನೆ ಕೂತ್ಕೊ” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ, ಮುಖ ನೋಡಿದರೆ ಎಲ್ಲಿ ಓದಿಬಿಡುತ್ತಾಳೋ ಎಂದು. ಹೋದ ವಾರ ಅವಳಿಗೆ ಚದುರಂಗದ ಹಾಸಿನ ಕಪ್ಪು ಬಿಳುಪಿನ ಒಂದು ಹಳೆಯ ಲೆಕ್ಕ ಹೇಳಿಕೊಟ್ಟಿದ್ದ. ಬಣ್ಣದ ಉಪಾಯ ಎಲ್ಲ ಸ್ಪರ್ಧೆಗಳಲ್ಲೂ ಬರುವಂಥದು, ಹೇಳಿಕೊಡದಿದ್ದರೆ ಮೇಷ್ಟ್ರ ಕೆಲಸಕ್ಕೇ ಮೋಸ, ಎಂದು ತನಗೆ ತಾನೇ ವಾದ ಮಾಡಿಕೊಂಡಿದ್ದ. ವಾದ ಗೆದ್ದಿದ್ದರೂ ಬಸ್ಸಿನ ಕಿಟಕಿಯ ಸರಳು ಹಿಡಿದ ಕೈ ಬೆವೆತಿತ್ತು. ಚೌಕಾಬಾರ ಅಂತ ಬಾಯಿ ಬಿಟ್ಟಿಲ್ಲವಲ್ಲ, ಅಷ್ಟು ಸಾಕು, ಎಂದುಕೊಂಡಿದ್ದ. ಸಾಕೇ? ಮಲ್ಲಸಂದ್ರ ದಾಟುವವರೆಗೂ ಅದೇ ಪ್ರಶ್ನೆ.

ಪತ್ರಿಕೆಗಳ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಆದರೆ ಸ್ಕೇಲಿಟ್ಟು ಎಳೆದ ಎರಡು ಗೆರೆ ಕಂಡ ಕೂಡಲೇ ಅದು ಯಾರದೆಂದು ಅವನಿಗೆ ತಿಳಿಯಿತು. ನೋಡಬಾರದು ಎಂದುಕೊಂಡೇ ಮೊದಲ ಪುಟ ತಿರುಗಿಸಿ ಉಳಿದ ಐದು ಲೆಕ್ಕಗಳ ಅಂಕ ಕೂಡಿದ. ಇಲ್ಲಿಯವರೆಗೆ ನೋಡಿದ ಎಲ್ಲರಿಗಿಂತ ಮುಂದೆ! ಆರನೆಯದಕ್ಕೆ ಬಂದ. ಬಣ್ಣ ಬಳಿದಿದ್ದಾಳೆ, ಪೆನ್ಸಿಲ್ಲಿನಲ್ಲಿ, ಗೆರೆಯಾಚೆ ಹೋಗದ ಹಾಗೆ. ಕಪ್ಪಿನಲ್ಲೇ ಹೊರಟು ಕಪ್ಪಿನಲ್ಲೇ ಮುಗಿಯಬೇಕು ಎಂದಿದ್ದಾಳೆ. ಎಂಟು ಮನೆ ಎಂದಿದ್ದಾಳೆ. ಎರಡು ಗೆರೆ. ಒಳಸುತ್ತಿನ ನಾಲ್ಕು ಮನೆಗಳ ಬಗ್ಗೆ, ಅವನು ಬೋರ್ಡಿನ ಮೇಲೆ ಆರು ತಿಂಗಳಿನಿಂದ ಬರೆಯುತ್ತ ಬಂದ ಅವನದೇ ಮಾತು: ‘ಇದು ಸ್ಪಷ್ಟ.’ ಅಯ್ಯೋ ನನ್ನ ಕಂದ, ಎಂದಿತು ಅವನ ಮನಸ್ಸು. ಉತ್ತರದ ಕೆಳಗೆ ಅಂಗೈಯಗಲ ಜಾಗದಲ್ಲಿ ಏನನ್ನೋ ರಬ್ಬರಿನಿಂದ ಚೆನ್ನಾಗಿ ಉಜ್ಜಿ ಅಳಿಸಿದ್ದಳು, ಕಾಗದ ಅಲ್ಲಿ ತೆಳ್ಳಗಾಗಿ ಬೆಳಕು ಹಾಯುತ್ತಿತ್ತು. ಕಚ್ಚಾ ಕೆಲಸ ಇರಬೇಕು, ಚೊಕ್ಕಟದ ಹುಡುಗಿ. ಹತ್ತಕ್ಕೆ ಹತ್ತು ಹಾಕಿದ. ಗುಬ್ಬಿಯವರಿಗೆ ಲೆಕ್ಕ ಬರುತ್ತದೆ ಷಡಕ್ಷರಪ್ಪಾ, ಬರುತ್ತದೆ, ಎಂದು ಒಳಗೊಳಗೇ ಅಂದುಕೊಂಡು ಎದುರಿಗೆ ಕೂತಿದ್ದ ಷಡಕ್ಷರಿಯ ಬೋಳಾಗುತ್ತಿದ್ದ ನೆತ್ತಿಯನ್ನು ನೋಡಿದ. ಪಾಪ, ಬಾಗಿಕೊಂಡು ಎರಡನೇ ಲೆಕ್ಕ ತಿದ್ದುತ್ತಿದ್ದ.

ಇನ್ನು ಮುಂದಿನದೆಲ್ಲ ಬೇಗ ಬೇಗ ನಡೆಯಿತು. ನಲವತ್ತೊಂದನೇ ನಂಬರಿನ ಪತ್ರಿಕೆ ಬಂದಾಗ ಅವನು ಅರ್ಧ ಮನಸ್ಸಿನಿಂದ ತಿದ್ದುತ್ತಿದ್ದ, ಇನ್ನರ್ಧ ಬೆಂಗಳೂರಿನ ಸಭಾಂಗಣವೊಂದರಲ್ಲಿ ಸರ್ವಮಂಗಳಳ ಪಕ್ಕ ಕೂತಿತ್ತು. ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಬಣ್ಣ ಸರಿ. ಕಪ್ಪಿನ ವಾದ ಸರಿ. ಉತ್ತರ ಹನ್ನೆರಡು. ಥೂ, ಹೊಸ್ತಿಲವರೆಗೆ ಬಂದು ಎಡವಿದೆಯಲ್ಲೋ ಮುಠ್ಠಾಳ! ಒಳಮೂಲೆಯಿಂದ ಹೊರಟ ಒಂದು ದಾರಿಯನ್ನೂ ಗೀಚಿದ್ದ, ಸೊಟ್ಟಸೊಟ್ಟಗೆ. ಗಂಗಹನುಮಯ್ಯ ಅದರ ಮೇಲೆ ಅಡ್ಡಗೆರೆ ಎಳೆದು ಆರು ಅಂಕ ಹಾಕಿ ಪತ್ರಿಕೆ ಮಗುಚಿದ. ಮುಂದಿನದು ಎಂಟು, ಅದರ ಮುಂದಿನದೂ ಎಂಟು. ಆದರೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ ಏನೋ ಉಳಿದಿತ್ತು. ಆ ಸೊಟ್ಟ ಚಿತ್ರದ ಕೆಳಗೆ ಎರಡು ಸಾಲು ಬರೆದಿದ್ದನಲ್ಲ, ಏನದು? ಮತ್ತೆ ತೆಗೆದು ನೋಡಿದ. ‘ವಿ.ಸೂ.: ನನಗೆ ಚೌಕಾಬಾರ ಆಡಲು ಬರುವುದಿಲ್ಲ. ಕವಡೆ ಅಲ್ಲಾಡಿಸಿದರೆ ದರಿದ್ರವೆಂದು ನಮ್ಮ ಮನೆಯಲ್ಲಿ ಆಡಿಸುವುದಿಲ್ಲ. ಪ್ರಶ್ನೆಯಲ್ಲಿ ಇರುವಷ್ಟನ್ನೇ ಓದಿಕೊಂಡು ಮಾಡಿದ್ದೇನೆ. ಹಾಳೆ ತಿರುಗಿಸಿದರೆ ಉಳಿದ ಮೂರು ಒಳಮೂಲೆಗಳಿಗೂ ಇದೇ ದಾರಿ. ತಪ್ಪಿದ್ದರೆ ಕ್ಷಮಿಸಬೇಕು.’ ಗಂಗಹನುಮಯ್ಯನಿಗೆ ನಗು ಬಂತು. ಚೌಕಾಬಾರ ಬಾರದ ಕೂಸು! ನಗುತ್ತಲೇ ಪೆನ್ಸಿಲ್ಲಿನ ಹಿಂಬದಿಯನ್ನು ಅವನ ದಾರಿ ಶುರುವಾಗುವ ಒಳಮೂಲೆಯ ಮೇಲೆ ಇಟ್ಟ. ಎಲ್ಲಿ ಸಿಕ್ಕಿಬೀಳುತ್ತದೆಂದು ನೋಡಿ, ಅಲ್ಲೊಂದು ಗುರುತು ಹಾಕಿ, ಮುಂದಕ್ಕೆ ಹೋಗುವುದು.

ಎಡಕ್ಕೆ ಹೊರಸುತ್ತಿಗೆ ಬಂತು. ಮೇಲಕ್ಕೆ, ಮೂಲೆಗೆ. ಬಲಕ್ಕೆ, ಬಲಕ್ಕೆ, ಮೇಲಿನ ಕಟ್ಟೆಮನೆ. ಅಲ್ಲಿಂದ ಕೆಳಗಿಳಿದು ಮತ್ತೆ ಒಳಸುತ್ತು! ಎಲಾ. ಬಲಕ್ಕೆ ಒಂದು, ಮತ್ತೆ ಮೇಲಕ್ಕೆ ಹೊರಗೆ, ಮೂಲೆ ಸುತ್ತಿ ಕೆಳಕ್ಕೆ, ಕಟ್ಟೆಮನೆ, ಮತ್ತೆ ಒಳಕ್ಕೆ. ಜಗಲಿಯ ಮೇಲೆ ಬಿಸಿಲಿತ್ತು. ಅವನು ಹುಟ್ಟಿ ಬೆಳೆದ ಕುಣಿಗಲ್ಲಿನ ಕೋಟೆ ಬೀದಿಯ ಮನೆಯ ಜಗಲಿ, ಎದುರಿಗೆ ಕಾಲು ಚಾಚಿಕೊಂಡು ಕೂತ ಅವ್ವ ರಂಗಲಕ್ಷ್ಮಮ್ಮ, ಅವಳ ಅಂಗೈಯಲ್ಲಿ ಕವಡೆಗೆ ಬದಲು ಒಂದು ಕಡೆ ತೇದ ಹುಣಸೆ ಬೀಜ. ಅವ್ವ ಯಾರ ಕೈಲೂ ಸೋತವಳಲ್ಲ, ಏಳು ವರ್ಷದ ಮಗನಿಗೂ ಸೋತುಕೊಡುವವಳಲ್ಲ. ಒಳಸುತ್ತಿನಲ್ಲಿ ಅವನ ಕಾಯಿಯ ಬೆನ್ನಿಗೆ ಅವ್ವನ ಕಾಯಿ ಬಿದ್ದಿತ್ತು, ಒಂದು ಬಿದ್ದರೆ ಹೊಡೆಯುತ್ತಾಳೆ. ಅವ್ವ ಅತ್ತ ನೋಡಿದಾಗ ಅವನು ತನ್ನ ಕಾಯಿಯನ್ನು ಮೆಲ್ಲಗೆ ಹೊರಸುತ್ತಿನ ಕಟ್ಟೆಗೆ ಸರಿಸಿದ. ಮುಂಗೈ ಮೇಲೆ ಫಟಾರೆಂದು ಬಿತ್ತು. “ಕಳ್ ಬಡ್ಡೆತ್ತದೆ! ಒಳಕ್ ಹೋದ ಕಾಯಿ ಹೊರಕ್ ಬಂದದೇನ್ಲಾ? ಯಾವೂರಿನ್ ಆಟ್ವೋ ಇದು?” ಎದುರು ಮನೆಯ ಹೆಂಗಸರೆಲ್ಲ ನಕ್ಕಿದ್ದರು. ಪೆನ್ಸಿಲ್ಲು ನಿಲ್ಲಲಿಲ್ಲ: ಕೆಳಕ್ಕೆ ಒಳಮೂಲೆ, ಬಲಕ್ಕೆ ಹೊರಗೆ, ಮೂಲೆ, ಎಡಕ್ಕೆ, ಎಡಕ್ಕೆ, ಕೆಳಗಿನ ಕಟ್ಟೆ, ಮೇಲಕ್ಕೆ ಒಳಗೆ. ಸೂಜಿ ಹೊಲಿಗೆ ಹಾಕುವ ಹಾಗೆ ಒಳಗೆ ಹೊರಗೆ ಒಳಗೆ ಹೊರಗೆ. ಎಡಕ್ಕೆ, ಕೆಳಕ್ಕೆ, ಕೊನೆಯ ಮೂಲೆ, ಮೇಲಕ್ಕೆ, ಮೇಲಕ್ಕೆ, ಎಡಗಡೆಯ ಕಟ್ಟೆ, ಬಲಕ್ಕೆ ಒಂದು, ಇನ್ನೊಂದು. ನಡುಮನೆ. ಉಳಿದ ಮನೆ ಎಲ್ಲಿ? ಉಳಿದ ಮನೆಯೇ ಇರಲಿಲ್ಲ. ಮತ್ತೆ ಎಣಿಸಿದ, ಇಪ್ಪತ್ತೈದು. ಹಿಂದಿನಿಂದ ಮುಂದಕ್ಕೆ ಎಣಿಸಿದ, ಇಪ್ಪತ್ತೈದು. ಪ್ರಶ್ನೆಯನ್ನು ಮೊದಲ ಸಲ ಓದುವವನ ಹಾಗೆ ಓದಿದ. ಒಳಗಿನಿಂದ ಹೊರಗೆ ಬರಬಾರದು ಎಂದು ಅದರಲ್ಲಿ ಎಲ್ಲಿತ್ತು? ಎಲ್ಲೂ ಇರಲಿಲ್ಲ. ಅದು ಅವ್ವನ ಏಟಿನಲ್ಲಿತ್ತು.

ಕುರ್ಚಿ ಹಿಂದಕ್ಕೆ ಬಿತ್ತು. ಅವನು ಎದ್ದು ನಿಂತಿದ್ದ, ಕೂಗಿಯೂ ಬಿಟ್ಟಿದ್ದ. “ಬಂತು! ಸಾರ್, ಹೊರಗೆ ಬಂತು!”

“ಏನ್ರೀ ಬಂತು?” ಪುಟ್ಟರಂಗಯ್ಯನವರು ಗಾಬರಿಯಿಂದ ನೆಲ ನೋಡಿದರು, ಹಾವೇನಾದರೂ ಇರಬಹುದೆಂದು.

“ಕಾಯಿ ಸಾರ್, ಕಾಯಿ! ಒಳಗಿಂದ ಹೊರಟು ಹೊರಗೆ ಬಂದು ಎಲ್ಲಾ ಮನೆ ಮುಟ್ಟಿ ಹಣ್ಣಾಗೋಯ್ತು. ನಮ್ಮ ಎಂಟು ತಪ್ಪು ಸಾರ್. ಹನ್ನೆರಡು! ನೋಡ್ಬನ್ನಿ!”

ಮೊದಲು ಬಂದವನು ಷಡಕ್ಷರಿ. ಪತ್ರಿಕೆಯನ್ನು ಕಸಿದುಕೊಂಡು, ಉಗುರಿನಿಂದ ದಾರಿ ಹಿಡಿದು ಹೋಗುತ್ತ ತುಟಿಯಲ್ಲೇ ಎಣಿಸಿದ. ಎಣಿಸಿ ಮುಗಿದ ಮೇಲೆ ಅವನ ಮುಖದಲ್ಲಿ ಬಂದ ಬೆಳಕನ್ನು ಗಂಗಹನುಮಯ್ಯ ಹಿಂದೆಂದೂ ಕಂಡಿರಲಿಲ್ಲ. “ಅಯ್ಯಯ್ಯಪ್ಪ! ನಾನವತ್ತೇ ಕೇಳ್ಲಿಲ್ವೇನ್ರೀ? ಒಳಗಿನ ನಾಲ್ಕು ಯಾಕಾಗಲ್ಲ ಅಂತ ಬಾಯಿಬಿಟ್ಟು ಕೇಳ್ದೆ. ಎಲ್ಲಾ ಸೇರ್ಕೊಂಡು ನಗಾಡಿ ನನ್ನ ಕೂರಿಸಿದ್ರಿ!” “ಕೇಳಿದ್ರಿ ಕಣ್ರೀ, ಕೇಳಿದ್ರಿ, ಬುದ್ಧಿವಂತ್ರು ನೀವು!” ಎಂದು ಗಂಗಹನುಮಯ್ಯ ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟ, ಟೆರಿಲಿನ್ ಶರಟು ಮುದುಡಿತು. ಒಂದು ವರ್ಷದಿಂದ ಯಾರನ್ನು ನೆನೆದು ಹಲ್ಲು ಕಡಿಯುತ್ತಿದ್ದನೋ ಅವನನ್ನೇ ಹೀಗೆ ಹಿಡಿದುಕೊಂಡಿದ್ದೇನಲ್ಲ ಎಂದು ಆಮೇಲೆ ಹೊಳೆದು ಕೈ ಬಿಟ್ಟ. ಪುಟ್ಟರಂಗಯ್ಯನವರು ಮಾತ್ರ ಪತ್ರಿಕೆಯನ್ನು ದೂರ ಹಿಡಿದು ನೋಡಿ, ಮೇಜಿನ ಮೇಲಿಟ್ಟು, ಹಣೆ ಒರೆಸಿಕೊಂಡರು. “ಆಯ್ತು, ಈಗೇನ್ ಮಾಡೋದು? ಮೂರ್ ಜನ ರುಜು ಹಾಕಿದೀವಿ. ಪ್ರಶ್ನೆ ರದ್ದು ಅಂತ ಮಾಡಿ ಎಲ್ರಿಗೂ ಹತ್ತು ಕೊಟ್ಬಿಡಣ. ಎಲ್ಲಾ ಕಡೇನೂ ಹಂಗೇ ಮಾಡೋದು. ಮಾನ ಉಳೀತದೆ.”

“ರದ್ದಾ?” ಗಂಗಹನುಮಯ್ಯನ ಗಂಟಲು ಏರಿತು. “ಯಾವ್ದನ್ನ ಸಾರ್ ರದ್ದು ಮಾಡೋದು? ಪ್ರಶ್ನೇಲಿ ಏನ್ ತಪ್ಪಿದೆ? ತಪ್ಪಿರೋದು ನಾವು. ಕಪ್ಪಿಂದ ಹೊರಟ್ರೆ ಎಲ್ಲಾದ್ರಿಂದ್ಲೂ ಆಗತ್ತೆ, ಬಿಳಿಯಿಂದ ಹೊರಟ್ರೆ ಒಂದ್ರಿಂದ್ಲೂ ಆಗಲ್ಲ. ನೋಡಿ ಸಾರ್, ಎಷ್ಟು ಚೆಂದ! ನನ್ನ ಎಂಟು ಕುಂಟು ಲೆಕ್ಕ. ನಾನು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಒಳ್ಳೇ ಲೆಕ್ಕ ಇದು, ಇದನ್ನ ರದ್ದು ಮಾಡ್ತೀನಿ ಅಂತೀರಲ್ಲ!” ಹೆತ್ತ ಕೂಸನ್ನು ಯಾರೋ ಕಿತ್ತುಕೊಳ್ಳಲು ಬಂದ ಹಾಗೆ ಪತ್ರಿಕೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಪುಟ್ಟರಂಗಯ್ಯನವರು ಕೈ ಚೆಲ್ಲಿ, “ಸರಿ, ಲೆಕ್ಕ ನಿಮ್ದು, ತಿದ್ಕೊಳ್ಳಿ. ಹೊರಗೆ ಉತ್ತರ ಹೇಳೋದೂ ನೀವೇ” ಎಂದರು.

ಎಂಟು ಬರೆದವರಿಗೆಲ್ಲ ಹತ್ತು ಹೊಡೆದು ಆರು ಮಾಡುತ್ತ ಕೂತ. ಉದ್ದ ಬಾಲದ ಗುರುತುಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದ. ನಲವತ್ತೊಂದಕ್ಕೆ ಹತ್ತು ಹಾಕಿ, ಉಳಿದ ಐದರ ಅಂಕ ಕೂಡಿ ನೋಡಿದ, ಹುಡುಗ ಬುದ್ಧಿವಂತ, ಬಹಳ ಬುದ್ಧಿವಂತ. ಆಮೇಲೆ ಸ್ಕೇಲಿಟ್ಟು ಎಳೆದ ಎರಡು ಗೆರೆ ಬಂತು, ಪೆನ್ಸಿಲ್ಲು ನಿಂತಿತು. ಹತ್ತು ಇದ್ದರೆ ಸರ್ವಮಂಗಳ ಎರಡು ಅಂಕ ಮುಂದೆ. ಆರು ಆದರೆ ಎರಡು ಅಂಕ ಹಿಂದೆ. ಇಷ್ಟು ಹೊತ್ತು ಇದು ಅವನ ತಲೆಗೆ ಬಂದೇ ಇರಲಿಲ್ಲ! ಷಡಕ್ಷರಿ ಬೆನ್ನ ಹಿಂದೆ ಬಂದು ನಿಂತಿದ್ದವನು ಎಲ್ಲ ನೋಡಿದ್ದ. ತಗ್ಗಿದ ದನಿಯಲ್ಲಿ, ಅಣಕವಿಲ್ಲದೆ, “ನಿಮ್ಮ ಹುಡುಗೀದೇನ್ರೀ? ರದ್ದು ಮಾಡ್ಸಿದ್ರೆ ಈಗ್ಲೂ ಫಸ್ಟು. ಅಧ್ಯಕ್ಷರು ಬೇಡ ಅನ್ನಲ್ಲ” ಎಂದ. ಕಿಟಕಿಯಾಚೆ ಅವಳು ಹೊಂಗೆ ಮರದ ಬೇರಿನ ಮೇಲೆ ಕೂತು, ರೊಟ್ಟಿ ಮುರಿದು ಸಿಟಿಯ ಹುಡುಗಿಯರಿಗೆ ಹಂಚುತ್ತ ನಗುತ್ತಿದ್ದಳು. ರದ್ದು. ಎರಡಕ್ಷರ. ಬೆಂಗಳೂರಿನ ಸಭಾಂಗಣ, ಆರು ತಿಂಗಳ ಸಂಜೆ, ಗುಬ್ಬಿಯ ಹೆಸರು. ಯಾರೂ ತಪ್ಪು ಅನ್ನುವುದಿಲ್ಲ, ಎಲ್ಲರಿಗೂ ಹತ್ತು ಸಿಕ್ಕರೆ ಯಾರಿಗೇನು ನಷ್ಟ? ನಲವತ್ತೊಂದಕ್ಕೆ ನಷ್ಟ. ಮತ್ತೆ ಆ ದಾರಿ. ಕಣ್ಣು ಮುಚ್ಚಿದರೆ ಕಾಯಿ ಹೊಲಿಗೆ ಹಾಕಿಕೊಂಡು ಹೋಗುತ್ತಿತ್ತು, ಅದನ್ನು ನೋಡಿಲ್ಲ ಎನ್ನುವುದು ಹೇಗೆ? ಹತ್ತನ್ನು ಹೊಡೆದ. ಆರು ಬರೆದ. ಅದು ನ್ಯಾಯವೋ, ತನ್ನ ಲೆಕ್ಕದ ಮೇಲಿನ ಹಾಳು ಮೋಹವೋ ಅವನಿಗೆ ತಿಳಿಯಲಿಲ್ಲ. ಅಳು ಬಂದ ಹಾಗಾಯಿತು, ಖುಷಿಯೂ ಇತ್ತು, ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಎದ್ದು ಬಚ್ಚಲ ಕಡೆ ಹೋಗಿ ಮುಖ ತೊಳೆದುಕೊಂಡ.

ಐದು ಗಂಟೆಗೆ ಮಕ್ಕಳನ್ನೆಲ್ಲ ಶಾಲೆಯ ದೊಡ್ಡ ಹಾಲಿನಲ್ಲಿ ಕೂರಿಸಿದರು. ಗಂಗಹನುಮಯ್ಯ ಬೋರ್ಡಿನ ಮುಂದೆ ನಿಂತು, “ಆರನೇ ಲೆಕ್ಕ ಕೊಟ್ಟೋನು ನಾನು. ನಾನು ಬರೆದಿಟ್ಟಿದ್ದ ಉತ್ತರ ಎಂಟು. ಅದು ತಪ್ಪು” ಎಂದ. ಹಿಂದಿನ ಸಾಲಿನಲ್ಲಿ ಯಾರೋ ಮೇಷ್ಟ್ರು ಕಿಸಕ್ಕೆಂದರು. ಕಿವಿ ಬಿಸಿಯಾಯಿತು, ಆಗಲಿ. ನಲವತ್ತೊಂದನೇ ನಂಬರಿನವನು ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುವವರ ಮಗ ಅಂಜಿನಪ್ಪ, ಉಬ್ಬುಹಲ್ಲಿನ ಹುಡುಗ. ತನ್ನನ್ನು ಯಾಕೆ ಕರೆದರೆಂದು ತಿಳಿಯದೆ ಬೈಸಿಕೊಳ್ಳಲು ಬಂದವನ ಹಾಗೆ ಬಂದ. “ಹೆದರ್ಬೇಡ್ವೋ, ನಿನ್ನ ದಾರಿ ಎಲ್ರಿಗೂ ತೋರ್ಸು” ಎಂದು ಸೀಮೆಸುಣ್ಣ ಕೊಟ್ಟ. ಹುಡುಗ ಒಳಮೂಲೆಯಿಂದ ಹೊರಗೆ ಗೆರೆ ಎಳೆದ ಕೂಡಲೇ ಹಾಲಿನಲ್ಲಿ “ಏಯ್, ಕಳ್ಳಾಟ!” ಎಂದು ನಾಲ್ಕೈದು ದನಿ ಎದ್ದವು. ಗೆರೆ ಮತ್ತೆ ಒಳಕ್ಕೆ ಹೋಯಿತು, ಹೊರಕ್ಕೆ ಬಂತು, ದನಿಗಳು ಒಂದೊಂದಾಗಿ ನಿಂತವು, ಕೊನೆಗೆ ನಡುಮನೆ ಮುಟ್ಟಿದಾಗ ಎಲ್ಲ ಬಾಯಿಂದಲೂ ಒಂದೇ “ಓ” ಬಂತು. ಮೂರನೇ ಸಾಲಿನಲ್ಲಿ ಸರ್ವಮಂಗಳ ಮಾತ್ರ ಬಾಯಿ ತೆರೆಯದೆ ಬೋರ್ಡನ್ನೇ ನೋಡುತ್ತಿದ್ದಳು. ಎರಡನೇ ಬಹುಮಾನಕ್ಕೆ ಅವಳ ಹೆಸರು ಕರೆದಾಗ ಪಕ್ಕದವಳು ತಿವಿಯಬೇಕಾಯಿತು.

ಗುಬ್ಬಿಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವಳು ಬಹುಮಾನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಬಯ್ಯಲಿ, ಅಳಲಿ, ಏನಾದರೂ ಮಾಡಲಿ ಎಂದು ಗಂಗಹನುಮಯ್ಯ ಕಾದ. ಊರು ದಾಟಿತು, ಸಂಜೆಯ ಬಿಸಿಲು ತೆಂಗಿನ ಸಾಲುಗಳ ಸಂದಿಯಿಂದ ಅವಳ ಮುಖದ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. ತಡೆಯಲಾರದೆ ಅವನೇ, “ನಿಂಗೆ ಫಸ್ಟು ಬರ್ಬೇಕಾಗಿತ್ತು ಕಣಮ್ಮ. ನನ್ನಿಂದ ತಪ್ಪೋಯ್ತು. ಆ ‘ಇದು ಸ್ಪಷ್ಟ’ ಅನ್ನೋದು ನಾನೇ ಕಲಿಸಿದ್ದು” ಎಂದ.

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. “ಸಾರ್, ನನ್ ಪೇಪರ್ನಲ್ಲಿ ಅಳಿಸಿದ್ದು ನೋಡಿದ್ರಾ?” ಎಂದಳು.

“ನೋಡ್ದೆ. ಕಚ್ಚಾ ಕೆಲಸ ಅಂದ್ಕೊಂಡೆ.”

“ಅಲ್ಲ ಸಾರ್. ದಾರಿ ಅದು. ಒಳಮೂಲೆಯಿಂದ ಹೊರಟಿದ್ದು. ಆ ಹುಡುಗ ಬರೆದ್ನಲ್ಲ, ಅದಲ್ಲ, ಬೇರೆ. ಇಪ್ಪತ್ತೈದೂ ಬಂದಿತ್ತು.”

ಬಸ್ಸು ಗುಂಡಿಗೆ ಬಿದ್ದು ಎದ್ದಿತು. ಗಂಗಹನುಮಯ್ಯನ ಕೈಗೆ ಆ ತೆಳುವಾದ ಕಾಗದ ಮತ್ತೆ ಸಿಕ್ಕ ಹಾಗಾಯಿತು, ಬೆಳಕು ಹಾಯುತ್ತಿದ್ದ ಅಂಗೈಯಗಲ ಜಾಗ. “ಬಂದಿತ್ತಾ?” ಎಂದ. “ಬಂದಿದ್ದನ್ನ ಯಾಕಮ್ಮ ಅಳಿಸ್ದೆ?”

“ನಮ್ಮಜ್ಜಿ ಜೊತೆ ಆಡುವಾಗ ಹಂಗ್ ಮಾಡಿದ್ರೆ ಕೈಮೇಲೆ ಹೊಡೀತಾರೆ ಸಾರ್, ಕಳ್ಳಾಟ ಅಂತ. ಬರೆದ್ಮೇಲೆ ಯೋಚ್ನೆ ಬಂತು, ನೀವ್ ಕೊಟ್ಟಿರೋ ಲೆಕ್ಕ ಇದು.” ಅವಳು ಪುಸ್ತಕದ ಅಂಚನ್ನು ಉಗುರಿನಿಂದ ಕೆರೆದಳು. “ನಿಮ್ ಲೆಕ್ಕದಲ್ಲಿ ಕಳ್ಳಾಟ ಆಡ್ಬಾರ್ದು ಅನ್ನಿಸ್ತು.”

ಮುಂಗೈ ಚುರ್ ಎಂದಿತು, ಏಳು ವರ್ಷದವನಿದ್ದಾಗ ಬಿದ್ದ ಏಟು ಈಗ ಇನ್ನೊಂದು ಸಲ ಬಿದ್ದ ಹಾಗೆ. ಆರು ತಿಂಗಳು ಅವಳಿಗೆ ಏನೇನು ಕಲಿಸಿದೆ, ಹೆದರುವುದನ್ನೂ ಸೇರಿಸಿಯೇ ಕಲಿಸಿದೆನಲ್ಲ ಎಂದು ಸಂಕಟವಾಯಿತು. ಅವಳು ಅಳುತ್ತಿದ್ದಾಳೋ ಎಂದು ಓರೆಗಣ್ಣಿನಲ್ಲಿ ನೋಡಿದ. ಅಳುತ್ತಿರಲಿಲ್ಲ. ನಾಲಿಗೆಯ ತುದಿ ಹೊರಗೆ ಬಂದಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. “ಹೆಂಗಿತ್ತು ನಿನ್ನ ದಾರಿ?” ಎಂದ ಗಂಗಹನುಮಯ್ಯ. “ಜ್ಞಾಪಕ ಐತಾ?”

“ಐತೆ ಸಾರ್, ಬರತ್ತೆ ಅನ್ಸುತ್ತೆ!” ಅವಳು ತಟ್ಟನೆ ಮುಂದಕ್ಕೆ ಬಾಗಿ, ಎದುರು ಸೀಟಿನ ತಗಡಿನ ಬೆನ್ನಿನ ಮೇಲೆ ದಪ್ಪಗೆ ಕೂತಿದ್ದ ಧೂಳಿನಲ್ಲಿ ಬೆರಳಿನಿಂದ ಐದು ಸಾಲು, ಸಾಲಿಗೆ ಐದು ಮನೆ ಎಳೆದಳು. ಸ್ಕೇಲಿಲ್ಲದೆ ಗೆರೆ ಸೊಟ್ಟವಾದವು. “ಇಲ್ಲಿಂದ ಸಾರ್. ಮೇಲಕ್ಕೆ ಹೊರಗೆ ಬಂದೆ. ಆಮೇಲೆ... ತಡೀರಿ... ಈ ಕಡೆ.” “ಈ ಕಡೆ ಹೋದ್ರೆ ಆ ಮೂಲೆ ಒಂಟಿಯಾಗತ್ತಲ್ಲೇ!” “ಆಗಲ್ಲ ಸಾರ್, ಕೊನೇಲಿ ಬರ್ತೀನಿ ಅದಕ್ಕೆ, ನೋಡ್ತಾ ಇರಿ!” ಅವನು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಅವಳ ಬೆರಳಿನ ಹಿಂದೆ ತನ್ನ ಬೆರಳಿಟ್ಟು ಎಣಿಸತೊಡಗಿದ. ಎದುರು ಸೀಟಿನ ಹೆಂಗಸು ತಿರುಗಿ ನೋಡಿ, “ಏನ್ರಪ್ಪ ಅದು?” ಎಂದಳು. ಇಬ್ಬರಿಗೂ ಕೇಳಿಸಲಿಲ್ಲ. ಬಸ್ಸು ನಿಂತದ್ದೂ ತಿಳಿಯಲಿಲ್ಲ.

“ಗುಬ್ಬಿ, ಗುಬ್ಬಿ! ಯಾರ್ರೀ ಗುಬ್ಬಿ? ಮೇಷ್ಟ್ರೇ, ಇಳಿಯಾಕಿಲ್ವಾ?” ಕಂಡಕ್ಟರ್ ಬಾಗಿಲಿನಿಂದ ಕೂಗಿದ.

ಅವಳ ಬೆರಳು ಆಗತಾನೇ ಒಳಸುತ್ತಿನಿಂದ ಹೊರಗೆ ಬಂದು ಕೆಳಗಿನ ಮೂಲೆಯ ಕಡೆ ಹೊರಟಿತ್ತು. “ಒಂದ್ನಿಮಿಷ ತಡಿಯಪ್ಪ!” ಎಂದು ಗಂಗಹನುಮಯ್ಯ ತಲೆಯೆತ್ತದೆ ಕೂಗಿದ. “ಕಾಯಿ ಇನ್ನೂ ಹಣ್ಣಾಗಿಲ್ಲ.”